ತುತ್ತಿನ ಚಿತ್ರ

ರೈಲು ಹೊರಟಾಗಿನಿಂದ ಎದುರು ಸೀಟಿನ ಪುಟ್ಟ ಹುಡುಗಿ ನಡುಗುತ್ತಲೇ ಇದ್ದಳು. ಪಕ್ಕದಲ್ಲಿದ್ದ ಗಂಡಸು ಅವಳ ಮಣಿಕಟ್ಟು ಬಿಟ್ಟಿರಲಿಲ್ಲ.

"ನಿಮ್ಮ ಮಗಳಾ?" ಕುಮುದಮ್ಮ ಕೇಳಿದರು.

"ಹೂಂ. ಜನ ಕಂಡ್ರೆ ಇವಳಿಗೆ ಭಯ."

ಮೊಮ್ಮಗಳಿಗೆಂದು ಕೊಂಡಿದ್ದ ಬಣ್ಣಬಣ್ಣದ ಚಿತ್ರಪುಸ್ತಕವನ್ನು ಕುಮುದಮ್ಮ ಅವಳ ತೊಡೆಯ ಮೇಲಿಟ್ಟರು. ಹುಡುಗಿ ಅವನ ಮುಖ ನೋಡಿ, ಹೆದರುತ್ತಲೇ ಪುಟ ತಿರುವಿದಳು. ನವಿಲು ಬಂತು, ಆನೆ ಬಂತು. ಮುಂದಿನ ಪುಟದಲ್ಲಿ ತಾಯಿಯೊಬ್ಬಳು ಮಗುವಿಗೆ ತುತ್ತಿಡುತ್ತಿದ್ದಳು. ಹುಡುಗಿ ಆ ಚಿತ್ರದ ಮೇಲೆ ಬೆರಳಿಟ್ಟು, ಬಿಕ್ಕುತ್ತ ಏನೇನೋ ಹೇಳತೊಡಗಿದಳು. ಅದು ಕನ್ನಡವಾಗಿರಲಿಲ್ಲ. ಕುಮುದಮ್ಮನಿಗೆ ಒಂದು ಮಾತೂ ತಿಳಿಯಲಿಲ್ಲ.

"ಪಾಪ, ಏನಂತಿದಾಳೆ ಮಗಳು?"

ಮೊಬೈಲಿನಿಂದ ಕಣ್ಣೆತ್ತದೆ ಅವನು ರೇಗಿದ: "ಯಾರಿಗ್ಗೊತ್ತು? ಇವಳ ಭಾಷೆ ನಂಗೆಲ್ಲಿ ಬರುತ್ತೆ?"