ಒಂದೇ ಹಾಳೆಯ ಅಭಿಪ್ರಾಯ

ಕಡತಕ್ಕೆ ದಾರ ಬಿಗಿದು ಗಂಟೆ ಒತ್ತಿದ ಕಾನೂನು ಸಲಹೆಗಾರ್ತಿ, ಒಳಗೆ ಬಂದವನನ್ನು ಕಂಡು ತಬ್ಬಿಬ್ಬಾದಳು. ಬಂದವನು ಚಿಕ್ಕ ಮಂತ್ರಿ. ಅವನ ರಜೆ ಮುಗಿಯಲು ಇನ್ನೂ ಹನ್ನೊಂದು ದಿನವಿತ್ತು. ಗಡಿಠಾಣೆಯ ಮೇಲೆ ನೆರೆದೇಶದ ಸೇನೆ ನಡೆಸಿದ ದಾಳಿಯಲ್ಲಿ, ಸೈನಿಕನಾಗಿದ್ದ ಅವನ ಮಗ ತೀರಿಕೊಂಡು ಅಂದಿಗೆ ಹತ್ತೊಂಬತ್ತನೆಯ ದಿನ.

ಚಿಕ್ಕ ಮಂತ್ರಿ ಆ ಸಚಿವಾಲಯದ ಅಟೆಂಡರ್. ದೊಡ್ಡ ಮಂತ್ರಿಗಳು ಬಂದರು, ಹೋದರು. ಇವನು ಮೂವತ್ತು ವರ್ಷದಿಂದ ಅಲ್ಲಾಡಿಲ್ಲ ಎಂದು ಗುಮಾಸ್ತರು ಇಟ್ಟ ಹೆಸರು ಅದು. ಇವನು ಎತ್ತಿದರೆ ಕಡತ ಓಡುತ್ತದೆ. ಇವನು ಮುನಿಸಿಕೊಂಡರೆ ಎಂಥ ಕಡತವೂ ಯಾವುದೋ ಬೀರುವಿನಲ್ಲಿ ಎರಡು ದಿನ ಹಾಯಾಗಿ ನಿದ್ದೆ ಹೊಡೆದು, ಆಮೇಲೆ ಏನೂ ಅರಿಯದಂತೆ ಮೇಜಿನ ಮೇಲೆ ಪ್ರತ್ಯಕ್ಷವಾಗುತ್ತದೆ. ಇದು ಎಲ್ಲರಿಗೂ ಗೊತ್ತು, ಹಿಡಿದವರು ಮಾತ್ರ ಯಾರೂ ಇಲ್ಲ.

"ಮನೇಲಿ ಗೋಡೆ ನೋಡ್ಕೊಂಡು ಕೂತ್ರೆ ಹುಚ್ಚು ಹಿಡಿಯುತ್ತೆ ಮೇಡಂ," ಎಂದ. "ಕೊಡಿ ಇಲ್ಲಿ. ಮಂತ್ರಿಗಳ ಕೋಣೆಗೆ ತಾನೆ?"

"ಇರಲಿ ಬಿಡಿ ಅಣ್ಣ, ಇದನ್ನ ನಾನೇ ಒಯ್ತೀನಿ."

ಆ ಮಾತು ಬಾಯಿಂದ ಬೀಳಬಾರದಿತ್ತು. ಅವನಿರುವಾಗ ಯಾವ ಅಧಿಕಾರಿಯೂ ಕಡತ ಹೊತ್ತವರಲ್ಲ. ಅವನು ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಕಡತ ನೋಡಿದ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಗಡಿಠಾಣೆಯ ಹೆಸರಿತ್ತು.

"ಏನು ಬರೆದಿದ್ದೀರಿ ಮೇಡಂ?"

ಮೂವತ್ತು ವರ್ಷದಲ್ಲಿ ಅವನು ಯಾರನ್ನೂ ಕೇಳದ ಪ್ರಶ್ನೆ. ಇದೆಲ್ಲ ಗುಟ್ಟಿನ ವಿಷಯ ಎಂದು ಅವಳು ಬಾಯಿ ಮುಚ್ಚಿಸಬಹುದಿತ್ತು. ನಾಳೆ ಮುಂಜಾನೆ ಗಡಿಯಾಚೆಯ ಸೇನಾ ಶಿಬಿರದ ಮೇಲೆ ಬಾಂಬು ಹಾಕಲು ವಿಮಾನಗಳು ಸಜ್ಜಾಗಿದ್ದವು. ಅದು ಆತ್ಮರಕ್ಷಣೆಯ ಹಕ್ಕಿನೊಳಗೆ ಬರುತ್ತದೆಯೇ ಎಂದು ಮಂತ್ರಿಗಳು ಕೇಳಿದ್ದರು; ಸಂಜೆ ಐದರೊಳಗೆ ಆಕ್ಷೇಪ ಬಾರದಿದ್ದರೆ ವಿಮಾನಗಳು ಹೊರಡುವುದು ಖಂಡಿತ. ಮೂರು ದಿನ ತಲೆ ಕೆಡಿಸಿಕೊಂಡು ಅವಳು ಬರೆದದ್ದು ಒಂದೇ ಹಾಳೆ. ಆದರೆ ಈ ಮನುಷ್ಯನ ಎದುರಿಗೆ ಗುಟ್ಟು ಎನ್ನಲು ಅವಳ ನಾಲಿಗೆ ಏಳಲಿಲ್ಲ.

"ನಾಳೆ ಬಾಂಬು ಹಾಕೋದು ಆತ್ಮರಕ್ಷಣೆಯೊಳಗೆ ಬರಲ್ಲ ಅಂತ ಬರೆದಿದ್ದೀನಿ ಅಣ್ಣ."

ಅವನ ಮುಖ ಕಪ್ಪಿಟ್ಟಿತು. "ಅವರು ಬಂದು ಹೊಡೆದಿದ್ದು ಸುಳ್ಳಾ?"

"ಸುಳ್ಳಲ್ಲ."

"ಮತ್ತೆ? ದೇಶ ಅಂದ್ಮೇಲೆ ತನ್ನನ್ನ ತಾನು ಕಾಪಾಡ್ಕೊಳ್ಳೋ ಹಕ್ಕಿಲ್ವಾ? ನಿಮ್ಮ ವಿಶ್ವಸಂಸ್ಥೆ ಪುಸ್ತಕದಲ್ಲಿ ಇಲ್ವಾ ಅದು?"

"ಇದೆ. ಏಟು ಬೀಳ್ತಿರೋವಾಗ ತಡೆಯೋಕಿದೆ. ಇನ್ನೊಂದು ಏಟು ಬೀಳೋ ಹಾಗಿದ್ರೆ ತಪ್ಪಿಸೋಕಿದೆ. ನಾಳೆ ಅವರು ಮತ್ತೆ ಬಂದ್ರೆ, ಹೊಡೀರಿ ಅಂತ ಮೊದಲು ಸಹಿ ಹಾಕೋಳು ನಾನೇ. ಆದ್ರೆ ಅವರು ಅವತ್ತೇ ಹಿಂದೆ ಸರಿದ್ರು. ಮತ್ತೆ ಬರೋ ಸುಳಿವು ಎಲ್ಲೂ ಇಲ್ಲ. ಇವತ್ತು ಹೋಗಿ ಅವರ ಕ್ಯಾಂಪು ಸುಟ್ರೆ ಅದು ಕಾಪಾಡ್ಕೊಳ್ಳೋದಲ್ಲ ಅಣ್ಣ, ಸೇಡು."

"ಸೇಡೇ ಅಂತ ಇಟ್ಕೊಳ್ಳಿ. ನನ್ನ ಮಗನಿಗೆ ಆ ಹಕ್ಕಿನಿಂದ ಏನು ಸಿಕ್ಕಿತು ಹಾಗಾದ್ರೆ?"

ಅವಳು ಎದ್ದು ಮೇಜು ಬಳಸಿ ಬಂದು ಅವನ ಎದುರು ನಿಂತಳು. "ಆ ಹಕ್ಕನ್ನ ಬಳಸಿದವನೇ ನಿಮ್ಮ ಮಗ. ಠಾಣೆ ಬಾಗಿಲಲ್ಲಿ ನಿಂತು ಕೊನೇ ಗುಂಡಿನವರೆಗೂ ಹಾರಿಸಿದನಲ್ಲ, ಅದೇ ಆತ್ಮರಕ್ಷಣೆ. ಅದಕ್ಕೇ ಅವರು ಓಡಿದ್ದು. ಹಾಗಂತಲೇ ಬರೆದಿದ್ದೀನಿ, ಮೊದಲನೇ ಸಾಲಲ್ಲೇ."

ಚಿಕ್ಕ ಮಂತ್ರಿ ಸಣ್ಣ ದನಿಯಲ್ಲಿ ಕೇಳಿದ: "ಅವನಿಗೆ ಗೊತ್ತಿತ್ತಾ, ಅದು ಹಕ್ಕು ಅಂತ?"

"ಕಾನೂನು ನೆನೆಸ್ಕೊಳ್ಳೋಕೆ ಪುರುಸೊತ್ತೆಲ್ಲಿತ್ತು ಅಣ್ಣ? ಹಿಂದೆ ಗಾಯಗೊಂಡ ನಾಲ್ಕು ಹುಡುಗರಿದ್ರು. ನಾಲ್ವರೂ ಬದುಕಿದ್ದಾರೆ."

ಅವನು ತೋಳಿನಿಂದ ಮುಖ ಒರೆಸಿಕೊಂಡ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಂತ್ರಿಗಳ ಆಪ್ತ ಕಾರ್ಯದರ್ಶಿ. "ಎಲ್ಲಿ ಮೇಡಂ ಆ ಫೈಲು? ನಾಲ್ಕೂಮುಕ್ಕಾಲಾಯ್ತು. ಬರದೇ ಇದ್ರೆ ಸಾಹೇಬರಿಗೆ ಬೇಜಾರೇನೂ ಇಲ್ಲ ಬಿಡಿ," ಎಂದು ನಕ್ಕ.

ಅವಳು ಕಡತದ ಮೇಲೆ ಕೈಯಿಟ್ಟಳು. ತಾನೇ ಎತ್ತಿಕೊಂಡು ಓಡಿದರೆ ಐದು ನಿಮಿಷದ ದಾರಿ. ಆದರೆ ಮಗನನ್ನು ಕಳೆದುಕೊಂಡು ಬಂದವನ ಮುಂದೆ, ನಿನ್ನನ್ನು ನಂಬುವುದಿಲ್ಲ ಎಂದು ಬೆನ್ನು ತೋರಿಸಿ ಹೋಗುವುದು ಹೇಗೆ? ಇವನು ಕಡತ ಬಚ್ಚಿಟ್ಟರೆ? ಬಚ್ಚಿಟ್ಟರೆ ಮುಂಜಾನೆ ಎಷ್ಟು ಮನೆಗಳ ದೀಪ ಆರುತ್ತದೆಯೋ.

"ಅಣ್ಣನ ಕೈಲಿ ಕಳಿಸ್ತಿದ್ದೀನಿ," ಎಂದು ಫೋನಿಟ್ಟು, ಕಡತವನ್ನು ಎರಡೂ ಕೈಯಲ್ಲಿ ಅವನತ್ತ ಚಾಚಿದಳು.

ಅವನು ತೆಗೆದುಕೊಂಡ. ಅಂಗಿ ಸರಿಮಾಡಿಕೊಂಡು ಬಾಗಿಲವರೆಗೂ ಹೋದವನು ಅಲ್ಲೇ ನಿಂತ.

"ಪೆನ್ನು ನನ್ನ ಕೈಲಿ ಇದ್ದಿದ್ರೆ ಹಾಕ್ರಪ್ಪ ಬಾಂಬು ಅಂತಲೇ ಬರೀತಿದ್ದೆ ಮೇಡಂ. ಈಗಲೂ ಅದನ್ನೇ ಬರೀತೀನಿ, ಸುಳ್ಳು ಯಾಕೆ ಹೇಳಲಿ?" ಎಂದ, ತಿರುಗಿ ನೋಡದೆ. "ಇಂಥ ಕಾಗದ ಅಪ್ಪಂದಿರಿಗೆ ಬರೆಯೋಕೆ ಕೊಡಬಾರದು ಕಣಮ್ಮ. ಒಯ್ಯೋಕೆ ಮಾತ್ರ ಕೊಡಬೇಕು."