ಮಟ್ಟೆ ಹಾಸಿದ ದಾರಿ

ಮೂರನೇ ಸಲವೂ ಈರಣ್ಣ ಸಹಿ ಹಾಕಲಿಲ್ಲ. ಇಂಜಿನಿಯರ್ ಭವ್ಯಶ್ರೀ ಚಾಚಿದ ಪೆನ್ನನ್ನು ಒಮ್ಮೆ ನೋಡಿದ, ಹಾರೆ ಎತ್ತಿಕೊಂಡ, ಗುಂಡಿಗೆ ಇಳಿದ.

ತೋಟದಪಾಳ್ಯದ ಮೂವತ್ತು ಮನೆಗೆ ಇರುವುದು ಅದೊಂದೇ ದಾರಿ. ಮಣ್ಣಿನದು. ಮಳೆ ಹಿಡಿದರೆ ಜಪ್ಪಯ್ಯ ಅಂದರೂ ಟ್ರ್ಯಾಕ್ಟರ್ ಕದಲುವುದಿಲ್ಲ. ಏಳು ವರ್ಷದಿಂದ ಅದನ್ನು ಈರಣ್ಣ ಒಬ್ಬನೇ ನೋಡಿಕೊಳ್ಳುತ್ತಿದ್ದ. ತೆಂಗಿನಕಾಯಿ ಸುಲಿದ ಮನೆಗಳಿಂದ ಮಟ್ಟೆ ಹೊತ್ತು ತರುವುದು, ಗುಂಡಿಯಲ್ಲಿ ಬೆನ್ನು ಮೇಲಾಗಿ ಒತ್ತೊತ್ತಾಗಿ ಜೋಡಿಸುವುದು, ಮೇಲೆ ಗರಸು ಮಣ್ಣು ಸುರಿದು ಬಡಿಯುವುದು. ಒಂದು ಮಳೆಗಾಲ ತಡೆಯುತ್ತಿತ್ತು. ಆಮೇಲೆ ಮಟ್ಟೆ ಕೊಳೆತು ಮತ್ತೆ ಮೊದಲಿನಿಂದ ಶುರು. ಹಿಂದೆ ಬೇರೆ ಊರುಗಳಲ್ಲಿ ಮೋರಿ, ಚರಂಡಿ ಕಟ್ಟಿಸುತ್ತಿದ್ದವನಾದ್ದರಿಂದ ಅವನಿಗೆ ಮಣ್ಣಿನ ಗುಣ ಗೊತ್ತಿತ್ತು. ಹೆಂಡತಿ ಚಿಕ್ಕಗೌರಮ್ಮ ಸತ್ತ ಮೇಲೆ ಆ ಕಸುಬನ್ನೆಲ್ಲ ಬಿಟ್ಟಿದ್ದ.

ಅವಳು ಸತ್ತದ್ದೂ ಈ ದಾರಿಯ ದೆಸೆಯಿಂದಲೇ. ಎದೆನೋವು ಬಂದ ದಿನ ಆಂಬುಲೆನ್ಸ್ ಹುಣಸೆಮರದ ತಿರುವಿನಲ್ಲಿ ಹೂತುಕೊಂಡಿತು. ಊರವರು ಸೇರಿ ಚಕ್ರ ಎತ್ತುವಷ್ಟರಲ್ಲಿ ಮನೆಯಲ್ಲಿ ಎಲ್ಲ ಮುಗಿದಿತ್ತು. ತಿಥಿಯ ಮರುದಿನ ಬೆಳಗ್ಗೆ ಈರಣ್ಣ ಅದೇ ತಿರುವಿನಲ್ಲಿ ಮೊದಲ ಮಟ್ಟೆ ಇಟ್ಟ. ಅವತ್ತು ಅಳಲಿಲ್ಲ, ಇವತ್ತಿನವರೆಗೂ ಅತ್ತದ್ದನ್ನು ಯಾರೂ ಕಂಡಿಲ್ಲ.

ಸರ್ಕಾರದ ಮುಂದೆ ಕೈಯೊಡ್ಡದ ಗಂಡಸು ಅಂತ ಊರಿಗೆ ಊರೇ ಅವನನ್ನು ಹೊಗಳುತ್ತಿತ್ತು. ಯುವಕ ಸಂಘದವರು ಶಾಲು ಹಿಡಿದು ಮನೆಗೆ ಬಂದರೆ ಅವನು ಹಿತ್ತಿಲ ಬಾಗಿಲಿನಿಂದ ತೋಟಕ್ಕೆ ನಡೆದುಬಿಟ್ಟ. ಎಂಥ ವಿನಯ ನೋಡಿ ಅಂತ ಅದನ್ನೂ ಹೊಗಳಿದರು. ಜನಕ್ಕೇನು, ಹೊಗಳುವುದಕ್ಕೆ ಖರ್ಚಿಲ್ಲ.

ಈ ಸಲ ಮಾತ್ರ ಊರಿಗೂ ಅವನ ಹಟ ಅತಿಯಾಯಿತು ಅನ್ನಿಸಿತು. ಮಗಳು ಆಶಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಎಂಟು ತಿಂಗಳು. ಬಿಪಿ ಜಾಸ್ತಿ ಇದೆ, ನೋವು ಕಾಣಿಸಿದ ಅರ್ಧ ಗಂಟೆಯಲ್ಲಿ ತುರುವೇಕೆರೆಯ ಆಸ್ಪತ್ರೆಯಲ್ಲಿರಬೇಕು ಅಂತ ಡಾಕ್ಟರು ಹೇಳಿದ್ದರು. ಮಳೆ ಆಗಲೇ ಶುರುವಾಗಿತ್ತು. ಹೊಸದಾಗಿ ಬಂದ ಭವ್ಯಶ್ರೀ ತಾನಾಗಿಯೇ ಊರಿಗೆ ಬಂದು, ಹದಿನೈದು ದಿನದಲ್ಲಿ ಜಲ್ಲಿ ಹಾಕಿಸಿ ರೋಲರ್ ಓಡಿಸುವುದಾಗಿಯೂ ಡಾಂಬರು ಆಮೇಲೆ ಬರುವುದಾಗಿಯೂ ಹೇಳಿದ್ದಳು. ದಾರಿ ಅಗಲ ಮಾಡಲು ಅಂಚಿನ ತೋಟದವರ ಒಪ್ಪಿಗೆ ಸಾಕಿತ್ತು. ಎಲ್ಲರೂ ಕೊಟ್ಟರು. ಈರಣ್ಣ ಕೊಡಲಿಲ್ಲ.

“ಬ್ಯಾಡಿ ಮೇಡಮ್ಮೋರೆ,” ಅಂದ ಗುಂಡಿಯಿಂದಲೇ. “ಆಪೀಸು, ಪೈಲು ಅಂತ ಹೋಗ್ಬ್ಯಾಡಿ. ನನ್ನ ರಟ್ಟೇಲಿ ಕಸುವಿರೋಗಂಟ ಈ ದಾರಿ ನಂದು.”

ಭವ್ಯಶ್ರೀ ಜೀಪು ಹತ್ತಿ ಹೋದಳು. ಆಶಾಳಿಗೆ ರೇಗಿಹೋಯಿತು. ಊಟಕ್ಕೆ ಕೂತಾಗ ಅಪ್ಪನನ್ನು ಬಿಡಲಿಲ್ಲ. ನಿನ್ನ ಸ್ವಾಭಿಮಾನಕ್ಕೆ ನಾನೂ ಬಲಿಯಾಗಬೇಕಾ ಅಂತ ಕೇಳಿದಳು. ಅವನು ಮುದ್ದೆ ಮುರಿಯುತ್ತಾ ಕೂತಿದ್ದ.

“ಅವ್ವನ್ನ ಕೊಂದಿದ್ದು ಇದೇ ದಾರಿ ಕಣಪ್ಪ.”

“ದಾರಿ ಏನ್ ಮಾಡೀತು ಕಣವ್ವ.”

“ಮತ್ಯಾರು? ಸರ್ಕಾರನಾ?”

ಸಾರು ಆರಿತ್ತು. ಈರಣ್ಣ ಆರಿದ್ದನ್ನೇ ಉಂಡು ಎದ್ದು ಕೈ ತೊಳೆದ. ನಾಳೆ ತಿರುವಿಗೆ ಇನ್ನೆರಡು ಗಾಡಿ ಗರಸು ಬೇಕು ಅಂದ, ಅಷ್ಟೇ.

ಮರುದಿನ ಆಶಾಳಿಗೆ ಸ್ಕ್ಯಾನಿಂಗ್ ಇತ್ತು. ಊರಿನ ಕಲ್ಲೇಶನ ಆಟೋ ಅಪ್ಪನ ಮಟ್ಟೆಗಳ ಮೇಲೆ ಕುಲುಕುತ್ತಾ ಹೋಯಿತು. ತಿರುವು ಬಂದಾಗ ಅವಳು ಹೊಟ್ಟೆ ಹಿಡಿದು ಕಣ್ಣು ಮುಚ್ಚಿಕೊಂಡಳು. ಆಸ್ಪತ್ರೆಯಲ್ಲಿ ಡಾಕ್ಟರು ಬಿಪಿ ನೋಡಿ, ಇದಕ್ಕಿಂತ ಏರಬಾರದು ಅಂದರು. ಹೊರಗೆ ಬಂದವಳು ಆಟೋವನ್ನು ಸೀದಾ ಭವ್ಯಶ್ರೀಯ ಕಚೇರಿಗೆ ಬಿಡಿಸಿದಳು. ತೋಟ ಅವ್ವನ ತವರಿನಿಂದ ಬಂದದ್ದು. ಖಾತೆ ಈಗ ಆಶಾಳ ಹೆಸರಿನಲ್ಲಿತ್ತು. ಸಹಿ ಅಪ್ಪನದೇ ಆಗಬೇಕೆಂದೇನೂ ಇರಲಿಲ್ಲ. ತಾನೇ ಹಾಕಿದಳು.

ಅಪ್ಪನನ್ನು ಕೇಳದೆ ಅವಳು ಮಾಡಿದ ಮೊದಲ ಕೆಲಸ ಅದು. ನನ್ನ ಮಗು, ನನ್ನ ಸಹಿ ಅಂದುಕೊಂಡಳು.

ಭವ್ಯಶ್ರೀಗೆ ಖುಷಿಯಾಯಿತು. ಅಲ್ಲೇ ಕೂತು ವಿವರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದಳು. ಅದು ತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ಹಾಕಿದಳು. ಹುಬ್ಬು ಗಂಟಿಕ್ಕಿ ಒಳಗೆ ಹೋಗಿ, ದೂಳು ಹಿಡಿದ ಒಂದು ಫೈಲು ತಂದಳು.

“ಆಶಾ, ಈ ರಸ್ತೆ ಆಗಲೇ ಆಗಿದೆಯಂತೆ ಕಣ್ರೀ. ಎಂಟು ವರ್ಷದ ಹಿಂದೆ.”

ಡಾಂಬರು, ಎರಡು ಮೋರಿ, ತಿರುವಿಗೆ ತಡೆಗೋಡೆ, ಎಲ್ಲ ಆಗಿತ್ತು. ಬಿಲ್ಲೂ ಪಾಸಾಗಿತ್ತು. ಯಾವುದೋ ಊರಿನ ಕಪ್ಪು ರಸ್ತೆಯ ಫೋಟೋ ಅಂಟಿಸಿದ್ದರು. ಅವ್ವ ಸಾಯುವುದಕ್ಕೆ ಒಂದು ವರ್ಷ ಮೊದಲು, ಕಾಗದದ ಮೇಲೆ, ತೋಟದಪಾಳ್ಯಕ್ಕೆ ಆಂಬುಲೆನ್ಸ್ ಸಲೀಸಾಗಿ ಬರುವಂಥ ದಾರಿ ಇತ್ತು.

ಆಶಾ ಆ ಫೋಟೋವನ್ನು ಸುಮ್ಮನೆ ನೋಡಿದಳು. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಹೊಟ್ಟೆಯೊಳಗೆ ಮಗು ಮಿಸುಕಿತು.

“ಯಾರು ಮೇಡಂ ದುಡ್ಡು ತಿಂದೋನು? ಹೆಸ್ರು ಹೇಳಿ. ನಮ್ಮಪ್ಪಂಗೆ ಹೇಳ್ತೀನಿ. ಅವನು ಸುಮ್ಕೆ ಬುಡಲ್ಲ.”

ಭವ್ಯಶ್ರೀ ಕೊನೆಯ ಹಾಳೆ ತಿರುವಿದಳು. ಫೈಲನ್ನೇ ಮೇಜಿನ ಮೇಲೆ ಅವಳ ಕಡೆಗೆ ಸರಿಸಿದಳು.

ಗುತ್ತಿಗೆದಾರ: ಕೆ. ಈರಣ್ಣ, ತೋಟದಪಾಳ್ಯ.