ಕೈರುಚಿ

ವಿಚ್ಛೇದನಕ್ಕೆ ಅರ್ಜಿ ಹಾಕಿದವನು ಗಂಡ. ಕೇಸು ಮುಗಿಯುವವರೆಗೆ ಜೀವನಾಂಶ ಕೊಡಿಸಿ ಎಂದು ಹೆಂಡತಿ ಕೇಳಿದ್ದೇ ತಡ, ಕಟಕಟೆಯಲ್ಲಿ ನಿಂತಿದ್ದ ಅವನು ಸಿಡಿದ.

"ನಾನ್ಯಾಕೆ ಕೊಡ್ಲಿ ಸ್ವಾಮಿ? ಇವಳ ಕೈರುಚಿಗೆ ಜನ ಮುಗಿಬೀಳ್ತಾರೆ. ಒಂದು ಮೆಸ್ ಇಟ್ರೆ ಕೈತುಂಬ ದುಡೀತಾಳೆ!"

ಆಕ್ಷೇಪಿಸಲು ಎದ್ದ ತನ್ನ ವಕೀಲರನ್ನು ಹೆಂಡತಿ ಕೈಸನ್ನೆಯಲ್ಲೇ ಕೂರಿಸಿದಳು.

"ನನ್ನ ಸಾರು ಹೇಗಿರುತ್ತೆ, ಅದನ್ನೂ ಹೇಳ್ರೀ."

"ಅಮೃತ! ಇಷ್ಟು ವರ್ಷ ಉಂಡೋನು ನಾನು. ಒಂದು ದಿನ ಉಪ್ಪು ಹೆಚ್ಚಾಗಿಲ್ಲ, ಕಮ್ಮಿಯಾಗಿಲ್ಲ."

"ಬರ್ಕೊಂಡ್ರಾ ಸಾರ್?" ಎಂದು ಅವಳು ಕೋರ್ಟಿನ ಟೈಪಿಸ್ಟನನ್ನು ಕೇಳಿದಳು. ಅವನು ತಲೆಯಾಡಿಸಿದ. ಅವಳು ನ್ಯಾಯಾಧೀಶರತ್ತ ತಿರುಗಿದಳು.

"ಹಾಗಿದ್ರೆ ಸ್ವಾಮಿ, ನನ್ನ ಅಡುಗೆ ಬಾಯಿಗಿಡೋಕಾಗಲ್ಲ ಅಂತ ವಿಚ್ಛೇದನ ಕೇಳಿದ್ಯಾರು?"